30×40 ಸೈಟು ಓರೆ ಇದ್ದರೆ ನಿಜ ವಿಸ್ತೀರ್ಣ ಎಷ್ಟು? ಟೇಪು, ದಾರ ಹಿಡಿದು ಕಂಡುಕೊಳ್ಳುವ ಲೆಕ್ಕ ಇಲ್ಲಿದೆ

ಚಂದಾಪುರ, ಅತ್ತಿಬೆಲೆ, ಜಿಗಣಿ ಕಡೆ ಆಗಲಿ, ಪೀಣ್ಯದ ಹಿಂದಿನ ಅಂದ್ರಹಳ್ಳಿ, ನೆಲಗದರನಹಳ್ಳಿ ಕಡೆ ಆಗಲಿ, ಕಾಡುಗೋಡಿ ದಾಟಿ ಹೊಸಕೋಟೆ ರಸ್ತೆ ಕಡೆ ಆಗಲಿ, ಸೈಟು ನೋಡೋಕೆ ಹೋದವರು ಮಾಡೋದು ಒಂದೇ ಕೆಲಸ. ಟೇಪು ಹಿಡಿದು ನಾಲ್ಕೂ ಬದಿ ಅಳೆಯುತ್ತಾರೆ. ಮುಂದೆ 30 ಅಡಿ, ಹಿಂದೆ 30, ಎಡಕ್ಕೆ 40, ಬಲಕ್ಕೆ 40. ಪತ್ರದಲ್ಲೂ ಅದೇ ಇದೆ, ನೆಲದ ಮೇಲೂ ಅದೇ ಇದೆ. 1,200 ಚದರಡಿ ಸರಿ ಇದೆ ಅಂತ ಅಡ್ವಾನ್ಸ್ ಕೊಟ್ಟು ಬರುತ್ತಾರೆ.

ವರ್ಷ ಕಳೆದು ಮನೆ ಕಟ್ಟೋಕೆ ಮೇಸ್ತ್ರಿ ಬಂದು ಮೂಲೆಮಟ್ಟ ಇಟ್ಟಾಗ ವಿಷಯ ಹೊರಗೆ ಬರುತ್ತೆ. ಮೂಲೆ ಕೂರಲ್ಲ. ಸೈಟು ಓರೆ ಇದೆ. ನಾಲ್ಕು ಬದಿಯ ಅಳತೆಯಲ್ಲಿ ಒಂದಿಂಚೂ ಸುಳ್ಳಿಲ್ಲ, ಆದರೂ ಜಾಗ 1,200 ಚದರಡಿ ಇಲ್ಲ.

ಇದು ಹೇಗೆ ಸಾಧ್ಯ ಅನ್ನೋದಕ್ಕೆ ಉತ್ತರ ಎಂಟನೇ, ಒಂಬತ್ತನೇ ಕ್ಲಾಸಿನ ಗಣಿತದಲ್ಲೇ ಇದೆ. ಸಮಾಂತರ ಚತುರ್ಭುಜ ಅನ್ನೋ ಪಾಠ. ಪರೀಕ್ಷೆಗೆ ಓದಿ ಮರೆತುಬಿಡುವ ಈ ಪಾಠ ಸೈಟು ತಗೊಳ್ಳುವಾಗ ಲಕ್ಷಗಳ ಲೆಕ್ಕಕ್ಕೆ ಬರುತ್ತೆ.

ಅಂಗಡಿ ಗೇಟಿನಲ್ಲೇ ಇದೆ ಉತ್ತರ

ಬೆಳಗ್ಗೆ ಅಂಗಡಿ ತೆಗೆಯುವಾಗ ಎಳೆಯೋ ಕಬ್ಬಿಣದ ಗೇಟು, ಅಂದರೆ ಕೊಲ್ಯಾಪ್ಸಿಬಲ್ ಗೇಟು, ಅದನ್ನ ಒಮ್ಮೆ ಗಮನಿಸಿ ನೋಡಬೇಕು. ಪಟ್ಟಿಗಳು ಒಂದರ ಮೇಲೊಂದು ಅಡ್ಡ ಹಾಯ್ದು ವಜ್ರಾಕೃತಿಯ ಮನೆಗಳಾಗಿರುತ್ತವೆ. ಗೇಟು ಹಾಕಿದಾಗ ಆ ಮನೆಗಳು ಅಗಲವಾಗಿರುತ್ತವೆ. ಗೇಟು ತೆಗೆದು ಒಂದು ಪಕ್ಕಕ್ಕೆ ಒತ್ತಿದಾಗ ಉದ್ದಕ್ಕೆ ಎದ್ದು ಸೊರಗಿ ಹೋಗುತ್ತವೆ. ಪಟ್ಟಿಯ ಉದ್ದ ಬದಲಾಗಿದೆಯಾ? ಇಲ್ಲ. ಕಬ್ಬಿಣ ಹಿಗ್ಗಲ್ಲ, ಕುಗ್ಗಲ್ಲ. ನಾಲ್ಕು ಬದಿ ಅಷ್ಟೇ ಇದ್ದರೂ ಒಳಗಿನ ಜಾಗ ಮಾತ್ರ ಬದಲಾಗಿದೆ.

ಲೆಕ್ಕದಲ್ಲಿ ಹೇಳೋದಾದರೆ, ಒಂದು ಮನೆಯ ಪ್ರತಿ ಬದಿ 5 ಇಂಚು ಅಂತ ಇಟ್ಟುಕೊಳ್ಳಿ. ಅಡ್ಡಕ್ಕೆ 6 ಇಂಚು ತೆರೆದಾಗ ಎತ್ತರ 8 ಇಂಚು ಇರುತ್ತೆ. ಒಳಗಿನ ಜಾಗ 24 ಚದರ ಇಂಚು. ಅದನ್ನೇ ಅಡ್ಡಕ್ಕೆ 2.8 ಇಂಚಿಗೆ ಒತ್ತಿದರೆ ಎತ್ತರ 9.6 ಇಂಚಿಗೆ ಏರುತ್ತೆ, ಜಾಗ 13.44 ಚದರ ಇಂಚಿಗೆ ಇಳಿಯುತ್ತೆ. ಬದಿಗಳು ಅದೇ 5 ಇಂಚು.

ಸೈಟಿಗೂ ಅದೇ ಕಥೆ. ನಾಲ್ಕು ಬದಿ ಗೊತ್ತಾದ ಮಾತ್ರಕ್ಕೆ ವಿಸ್ತೀರ್ಣ ಗೊತ್ತಾಗಲ್ಲ. ಐದನೇ ಅಳತೆ ಒಂದು ಬೇಕು: ಮೂಲೆಯಿಂದ ಎದುರು ಮೂಲೆಗೆ. ಶಾಲೆಯಲ್ಲಿ ಇದಕ್ಕೆ ಕರ್ಣ ಅಂತಾರೆ, ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕ್ರಾಸ್ ಅಂತಾರೆ.

ಪೀಣ್ಯದ ಶೆಡ್ಡುಗಳಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕು ಪೈಪು ಅಳತೆಗೆ ಕತ್ತರಿಸಿ ಜೋಡಿಸಿದ ಮೇಲೆ ಪೂರ್ತಿ ವೆಲ್ಡಿಂಗಿಗೆ ಮೊದಲು ಎರಡೂ ಕ್ರಾಸ್ ಹಿಡಿದು ನೋಡುತ್ತಾರೆ. 10 ಅಡಿ ಉದ್ದ, 5 ಅಡಿ ಎತ್ತರದ ಫ್ರೇಮ್ ಆದರೆ ಎರಡೂ ಕ್ರಾಸ್ 11 ಅಡಿ 2 ಇಂಚಿನ ಮೇಲೆ ಚೂರು ಬರಬೇಕು. ಒಂದು ಜಾಸ್ತಿ, ಒಂದು ಕಡಿಮೆ ಬಂದರೆ ಜಾಸ್ತಿ ಇರೋ ಮೂಲೆಗೆ ಸುತ್ತಿಗೆ ಏಟು. ಎರಡೂ ಸಮ ಆದ ಮೇಲೆ ವೆಲ್ಡಿಂಗ್. ಗೋಡೌನಿನ ರ‍್ಯಾಕ್ ಹಿಂದೆ ಅಡ್ಡಡ್ಡ ಪಟ್ಟಿ ಕೊಡೋದೂ ಇದೇ ಕಾರಣಕ್ಕೆ. ನಾಲ್ಕು ಮೂಲೆಯ ಚೌಕಟ್ಟು ಒಂದು ಕಡೆ ವಾಲಬಹುದು, ಮೂರು ಮೂಲೆಯದು ವಾಲಲ್ಲ. ಮೂರು ಸಾವಿರ ರೂಪಾಯಿಯ ಗ್ರಿಲ್ಲಿಗೆ ಕ್ರಾಸ್ ನೋಡುವ ಜನ ಲಕ್ಷಾಂತರ ರೂಪಾಯಿಯ ಸೈಟಿಗೆ ನೋಡಲ್ಲ ಅನ್ನೋದೇ ವಿಚಿತ್ರ.

ಸೈಟು ಓರೆ ಆಗೋದು ಯಾಕೆ

ಎಲ್ಲಾ ಕಡೆಯೂ ಮೋಸ ಅಂತಲ್ಲ. ಲೇಔಟು ಆಗುವ ಮುಂಚೆ ಅದು ಹೊಲ. ಹೊಲದ ಬದು ರಾಜಕಾಲುವೆ, ಬಂಡಿದಾರಿ, ಕೆರೆ ಏರಿ ಹೋದ ಹಾಗೆ ಹೋಗಿರುತ್ತೆ. ಅದು ರಸ್ತೆಗೆ ನೇರವಾಗಿ ಇರಬೇಕು ಅಂತ ಯಾವ ರೈತನೂ ಬದು ಹಾಕಿಲ್ಲ. ರಸ್ತೆ ಆ ಹೊಲವನ್ನು ಓರೆಯಾಗಿ ಹಾಯ್ದರೆ ಸೈಟು ವಿಂಗಡಿಸುವವರಿಗೆ ಎರಡು ದಾರಿ. ರಸ್ತೆಗೆ ನೇರವಾಗಿ ಗೆರೆ ಹಾಕಿದರೆ ಎರಡೂ ತುದಿಯಲ್ಲಿ ತ್ರಿಕೋನದ ತುಂಡು ಉಳಿಯುತ್ತೆ, ಅದನ್ನ ಕೊಳ್ಳೋರು ಕಡಿಮೆ. ಬದುವಿಗೆ ಸಮಾಂತರವಾಗಿ ಗೆರೆ ಹಾಕಿದರೆ ತುಂಡು ಉಳಿಯಲ್ಲ, ಆದರೆ ಸಾಲಿನ ಎಲ್ಲಾ ಸೈಟೂ ಒಂದೇ ಥರ ವಾಲಿರುತ್ತೆ. ಪಕ್ಕದ ಸೈಟೂ ಹಾಗೇ ಇರೋದರಿಂದ ಬರಿಗಣ್ಣಿಗೆ ಓರೆ ಕಾಣಲ್ಲ.

ಇಂಥ ಸೈಟೇ ಸಮಾಂತರ ಚತುರ್ಭುಜ. ಎದುರು ಬದುರು ಬದಿಗಳು ಸಮಾಂತರ. ಅದರ ಗುಣಗಳನ್ನು ಸೈಟಿನ ಭಾಷೆಯಲ್ಲೇ ಹೇಳಬಹುದು. ಎದುರು ಬದಿಗಳು ಸಮ: ಮುಂದೆ 30 ಇದ್ದರೆ ಹಿಂದೆಯೂ 30. ಎದುರು ಮೂಲೆಗಳು ಸಮ: ರಸ್ತೆ ಕಡೆಯ ಎಡಮೂಲೆ 70 ಡಿಗ್ರಿ ಇದ್ದರೆ ಹಿಂದಿನ ಬಲಮೂಲೆಯೂ 70. ಅಕ್ಕಪಕ್ಕದ ಎರಡು ಮೂಲೆ ಸೇರಿಸಿದರೆ 180, ಹಾಗಾಗಿ ಉಳಿದೆರಡು ಮೂಲೆ 110 ಡಿಗ್ರಿ. ಎರಡು ಕರ್ಣಗಳು ಒಂದನ್ನೊಂದು ಸರಿಯಾಗಿ ಅರ್ಧದಲ್ಲಿ ಕತ್ತರಿಸುತ್ತವೆ. ನಾಲ್ಕೂ ಮೂಲೆ 90 ಆದಾಗ ಅದೇ ಆಯತ, ಆಗ ಮಾತ್ರ ಎರಡು ಕರ್ಣ ಸಮ.

ಒಂದು ಮೂಲೆ ಗೊತ್ತಾದರೆ ನಾಲ್ಕೂ ಗೊತ್ತಾದ ಹಾಗೆ. ಮಕ್ಕಳ ಪುಸ್ತಕದಲ್ಲಿ ಬರುವ, ಒಂದು ಕೋನ ಪಕ್ಕದ ಕೋನಕ್ಕಿಂತ 40 ಡಿಗ್ರಿ ಹೆಚ್ಚಿದ್ದರೆ ಎರಡೂ ಎಷ್ಟು ಅನ್ನೋ ಥರದ ಪ್ರಶ್ನೆಗೂ ಇದೇ ದಾರಿ. 180ರಲ್ಲಿ 40 ಕಳೆದರೆ 140, ಅದರ ಅರ್ಧ 70, ಇನ್ನೊಂದು 110.

30, 40 ಇದ್ದೂ 1,128 ಚದರಡಿ

ಈಗ ಸೈಟಿಗೆ ಬರೋಣ. 30×40 ಸೈಟು ಪಕ್ಕಾ ಆಯತ ಆಗಿದ್ದರೆ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. ಮೇಸ್ತ್ರಿಗಳ ಮೂರು-ನಾಲ್ಕು-ಐದು ಲೆಕ್ಕ ಇದೇ, ಹತ್ತು ಪಟ್ಟು ಮಾಡಿದರೆ 30-40-50. ಈ ಒಂದು ಅಂಕಿ ನೆನಪಿದ್ದರೆ ಸಾಕು, ಅರ್ಧ ಕೆಲಸ ಮುಗಿಯಿತು. 30×50 ಸೈಟಿಗೆ 58 ಅಡಿ 4 ಇಂಚು ಹತ್ತಿರ, 40×60 ಸೈಟಿಗೆ 72 ಅಡಿ 1 ಇಂಚಿನ ಮೇಲೆ ಚೂರು, 20×30 ಸೈಟಿಗೆ 36 ಅಡಿ ¾ ಇಂಚು.

ಒಂದು ಸೈಟಿನಲ್ಲಿ 50ರ ಬದಲು 41 ಅಡಿ ಬಂತು ಅಂದುಕೊಳ್ಳಿ. ಹಾಗಾದರೆ ಕರ್ಣದಿಂದ ಸೈಟು ಎರಡು ತ್ರಿಕೋನ ಆಯಿತು, ಪ್ರತಿಯೊಂದರ ಬದಿ 30, 40, 41. ತ್ರಿಕೋನದ ಮೂರು ಬದಿ ಗೊತ್ತಿದ್ದರೆ ಹೆರಾನ್ ಸೂತ್ರ ಸಾಕು. ಮೂರೂ ಸೇರಿಸಿ ಅರ್ಧ ಮಾಡಿದರೆ 55.5. ಅದರಲ್ಲಿ ಒಂದೊಂದು ಬದಿ ಕಳೆದರೆ 25.5, 15.5, 14.5. ಈ ನಾಲ್ಕನ್ನೂ ಗುಣಿಸಿ:

55.5 × 25.5 × 15.5 × 14.5 = 3,18,077 (ಸುಮಾರು)

ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ √ ಒತ್ತಿದರೆ 564. ಇದು ಒಂದು ತ್ರಿಕೋನ. ಎರಡಕ್ಕೆ 1,128 ಚದರಡಿ.

ಅಂದರೆ 72 ಚದರಡಿ ಕಡಿಮೆ. ಒಂದು ಚಿಕ್ಕ ರೂಮಿನಷ್ಟು ಜಾಗ. ಉದಾಹರಣೆಗೆ ಚದರಡಿಗೆ 6,000 ರೂಪಾಯಿ ಮಾತಾಗಿದ್ದರೆ 4,32,000 ರೂಪಾಯಿ. ಇನ್ನೂ ಒಂದು ಕೋನದಿಂದ ನೋಡಿ: ಅಂಥ ಹತ್ತು ಸೈಟು ಒಂದೇ ಸಾಲಿನಲ್ಲಿದ್ದು ಎಲ್ಲವನ್ನೂ 1,200 ಅಂತ ಮಾರಿದರೆ 720 ಚದರಡಿ ಜಾಗ ಪತ್ರದಲ್ಲಿ ಇರುತ್ತೆ, ನೆಲದ ಮೇಲೆ ಎಲ್ಲೂ ಇರಲ್ಲ.

ಇನ್ನೊಂದು ದಾರಿಯಲ್ಲೂ ಇದೇ ಉತ್ತರ ಬರುತ್ತೆ. ಸಮಾಂತರ ಚತುರ್ಭುಜದ ವಿಸ್ತೀರ್ಣ ಅಂದರೆ ಪಾದ × ಎತ್ತರ. ಎತ್ತರ ಅಂದರೆ ಓರೆ ಬದಿ ಅಲ್ಲ, ರಸ್ತೆ ಗೆರೆಯಿಂದ ಹಿಂದಿನ ಗೆರೆಗೆ ಲಂಬವಾಗಿ ಹಿಡಿದ ಅಳತೆ. ಈ ಸೈಟಿನಲ್ಲಿ ಅದು 37.6 ಅಡಿ. 30 × 37.6 = 1,128. ಸೈಟಿನ ಒಂದು ತುದಿಯ ತ್ರಿಕೋನವನ್ನು ಕತ್ತರಿಸಿ ಇನ್ನೊಂದು ತುದಿಗೆ ಅಂಟಿಸಿದ ಹಾಗೆ ಯೋಚಿಸಿದರೆ ಅದು 30 ಅಗಲ, 37.6 ಉದ್ದದ ಆಯತವೇ ಆಗುತ್ತೆ. ಹಾಗೇ 40 ಅಡಿಯ ಎರಡು ಬದಿಗಳ ನಡುವಿನ ನೇರ ಅಂತರ 30 ಅಲ್ಲ, 28.2 ಅಡಿ.

ಕಾಂಪೌಂಡ್ ಖರ್ಚು ಮಾತ್ರ ಏನೂ ಇಳಿಯಲ್ಲ. ಸುತ್ತಳತೆ ಎರಡಕ್ಕೂ 140 ಅಡಿಯೇ.

ಜಾಗ ಹೋದದ್ದಕ್ಕಿಂತ ಮನೆ ಕಟ್ಟುವಾಗ ಹೊಡೆತ ಜಾಸ್ತಿ. ರೂಮುಗಳು ಚೌಕ ಬೇಕು ತಾನೆ. ಈ ಸೈಟಿನಲ್ಲಿ ಮನೆಯನ್ನು ರಸ್ತೆಗೆ ನೇರವಾಗಿ ಕೂರಿಸಿ, ಮುಂದಿನಿಂದ ಹಿಂದಿನವರೆಗೆ ಚೌಕವಾಗಿ ತೆಗೆದರೆ ಅಗಲ 16.3 ಅಡಿ ಮಾತ್ರ ಸಿಗುತ್ತೆ, ಒಟ್ಟು 615 ಚದರಡಿ ಹತ್ತಿರ. ಉಳಿದದ್ದೆಲ್ಲಾ ಎರಡು ಪಕ್ಕದ ತ್ರಿಕೋನಕ್ಕೆ ಹೋಯಿತು. ಅದೇ ಮನೆಯನ್ನು ಪಕ್ಕದ 40 ಅಡಿ ಗೆರೆಗಳಿಗೆ ಹೊಂದಿಸಿ ಕೂರಿಸಿದರೆ 28.2 × 29.7, ಅಂದರೆ 839 ಚದರಡಿ ಚೌಕ ಜಾಗ ಸಿಗುತ್ತೆ. ಮುಂದೆ ಒಂದು ತ್ರಿಕೋನ, ಹಿಂದೆ ಒಂದು ತ್ರಿಕೋನ ಉಳಿಯುತ್ತೆ. ಮುಂದಿನದು ಪಾರ್ಕಿಂಗಿಗೆ, ಹಿಂದಿನದು ಸಂಪು, ಬಟ್ಟೆ ಒಗೆಯೋ ಕಲ್ಲಿಗೆ ಆಗುತ್ತೆ. ಸುತ್ತ ಬಿಡಬೇಕಾದ ಜಾಗವನ್ನು ಇದರಲ್ಲಿ ಹಿಡಿದಿಲ್ಲ, ಅದು ಬೇರೆ ಕಳೆಯಬೇಕು. ಓರೆ ಸೈಟು ತಗೊಂಡಾಗಿದೆ ಅನ್ನೋರು ಪ್ಲಾನ್ ಹಾಕಿಸುವಾಗ ಇದನ್ನಾದರೂ ಇಂಜಿನಿಯರ್ ಹತ್ತಿರ ಕೇಳಬೇಕು.

ಹಾಗಂತ ಚೂರು ಓರೆಗೆಲ್ಲಾ ಗಾಬರಿ ಆಗಬೇಕಿಲ್ಲ. ಮೂಲೆ 90ರ ಬದಲು 80 ಡಿಗ್ರಿ ಇದ್ದರೆ 1,200ರಲ್ಲಿ 18 ಚದರಡಿ ಹೋಗುತ್ತೆ ಅಷ್ಟೇ. 70 ಆದರೆ 72. 60 ಆದರೆ 161. ಓರೆ ಎರಡು ಪಟ್ಟಾದರೆ ನಷ್ಟ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತೆ.

ಮೂಲೆ ಎಷ್ಟು ಡಿಗ್ರಿ ಅಂತ ನೋಡೋಕೆ ಯಂತ್ರ ಬೇಕಿಲ್ಲ. ಮೂಲೆಯಿಂದ ಎರಡೂ ಬದಿಗೆ 10 ಅಡಿ ಗುರುತು ಮಾಡಿ, ಆ ಎರಡು ಗುರುತಿನ ನಡುವೆ ಟೇಪು ಹಿಡಿಯಬೇಕು. 14 ಅಡಿ 1¾ ಇಂಚು ಬಂದರೆ 90 ಡಿಗ್ರಿ. 12 ಅಡಿ 10 ಇಂಚು ಬಂದರೆ 80. 11 ಅಡಿ 5½ ಇಂಚಿನ ಆಸುಪಾಸು 70. ಸರಿಯಾಗಿ 10 ಅಡಿ ಬಂದರೆ 60. ಪಕ್ಕದ ಮೂಲೆಯಲ್ಲಿ ನೋಡಿದರೆ 14 ಅಡಿಗಿಂತ ಜಾಸ್ತಿ ಬರುತ್ತೆ, ಅದು ಅಗಲದ ಮೂಲೆ.

ಅಳೆಯೋಕೆ ಆಗದ ಕಡೆ ಏನು ಮಾಡೋದು

ಸೈಟಿನಲ್ಲಿ ಎಲ್ಲಾ ಕಡೆ ಟೇಪು ಹಿಡಿಯೋಕೆ ಆಗಲ್ಲ. ಹಿಂದೆ ಪಕ್ಕದವರ ಶೆಡ್ಡು ಇರುತ್ತೆ, ನಡುವೆ ಜಲ್ಲಿ ರಾಶಿ ಇರುತ್ತೆ, ಲಂಟಾನ ಬೆಳೆದಿರುತ್ತೆ. ಸೈಟು ಸಮಾಂತರ ಚತುರ್ಭುಜ ಅಂತ ನಕ್ಷೆಯಲ್ಲಿ ಖಚಿತ ಇದ್ದರೆ ಗೊತ್ತಿರುವ ಅಳತೆಯಿಂದ ಗೊತ್ತಿಲ್ಲದ್ದನ್ನು ತೆಗೆಯಬಹುದು.

ಒಂದು ಕರ್ಣ ಸಿಕ್ಕಿ ಇನ್ನೊಂದು ಸಿಗದೆ ಇದ್ದರೆ ಅದಕ್ಕೊಂದು ನಿಯಮ ಇದೆ: ಎರಡು ಕರ್ಣಗಳ ವರ್ಗ ಕೂಡಿಸಿದರೆ ನಾಲ್ಕು ಬದಿಗಳ ವರ್ಗ ಕೂಡಿಸಿದಷ್ಟೇ ಬರುತ್ತೆ. 30×40 ಸೈಟಿಗೆ ನಾಲ್ಕು ಬದಿಯ ವರ್ಗ 900 + 1,600 + 900 + 1,600 = 5,000. ಒಂದು ಕರ್ಣ 41, ಅದರ ವರ್ಗ 1,681. ಕಳೆದರೆ 3,319, √ ತೆಗೆದರೆ 57.6. ಅಂದರೆ ಇನ್ನೊಂದು ಕರ್ಣ 57 ಅಡಿ 7 ಇಂಚು. ಆಯತದಲ್ಲಿ 50, 50 ಇರೋದು ಇಲ್ಲಿ 41, 57.6 ಆಗಿದೆ. ಎರಡೂ ಕರ್ಣ ಅಳೆಯೋಕೆ ಆದರೆ ಈ ಲೆಕ್ಕವೇ ತಾಳೆ ನೋಡೋಕೆ ಆಗುತ್ತೆ. ಕೂಡಿಸಿದಾಗ 5,000 ಹತ್ತಿರ ಬರಲಿಲ್ಲ ಅಂದರೆ ಟೇಪು ಎಲ್ಲೋ ತಪ್ಪಿದೆ, ಇಲ್ಲವೇ ಸೈಟು ಸಮಾಂತರವೇ ಅಲ್ಲ.

ಮೂಲೆಯ ಕಲ್ಲು ಕಿತ್ತುಹೋಗಿರೋದು ಇನ್ನೊಂದು ಸಾಮಾನ್ಯ ತಾಪತ್ರಯ. ಮೂರು ಮೂಲೆ ಇದೆ, ನಾಲ್ಕನೆಯದು ಇಲ್ಲ. ಇಲ್ಲಿ ಕರ್ಣಗಳು ಅರ್ಧದಲ್ಲಿ ಸೇರುತ್ತವೆ ಅನ್ನೋ ಗುಣ ಕೆಲಸಕ್ಕೆ ಬರುತ್ತೆ. ಕಾಣೆಯಾದ ಮೂಲೆಯ ಅಕ್ಕಪಕ್ಕದ ಎರಡು ಮೂಲೆಗಳ ನಡುವೆ ದಾರ ಕಟ್ಟಿ, ಅದರ ಸರಿ ಅರ್ಧಕ್ಕೆ ಗೂಟ ಹೊಡೆಯಬೇಕು. ಮೂರನೇ ಮೂಲೆಯಿಂದ ಆ ಗೂಟಕ್ಕೆ ಎಷ್ಟಿದೆ ಅಂತ ಅಳೆದು, ಅದೇ ನೇರಕ್ಕೆ ಮುಂದೆ ಮತ್ತೆ ಅಷ್ಟೇ ಹೋದರೆ ನಾಲ್ಕನೇ ಮೂಲೆ. ಆ ಜಾಗದಲ್ಲಿ ಪಕ್ಕದವರ ಗೋಡೆ ಎದ್ದಿದ್ದರೆ ಜಗಳಕ್ಕೆ ಹೋಗುವ ಮುಂಚೆ ಸರ್ವೆ ಮಾಡಿಸಬೇಕು. ದಾರದ ಲೆಕ್ಕ ತಿಳಿದುಕೊಳ್ಳೋಕೆ ಮಾತ್ರ, ಅದಕ್ಕೆ ಕಾನೂನಿನ ಬೆಲೆ ಇಲ್ಲ.

ಅಡಿ ಇಂಚಿನ ವಿಷಯದಲ್ಲಿ ಒಂದು ಎಚ್ಚರ. 40 ಅಡಿ 6 ಇಂಚು ಅಂದರೆ ಕ್ಯಾಲ್ಕುಲೇಟರಿನಲ್ಲಿ 40.5, 40.6 ಅಲ್ಲ. ಇಂಚನ್ನು 12ರಿಂದ ಭಾಗಿಸಬೇಕು. ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಇಳಿಜಾರಿನ ಸೈಟಿನಲ್ಲಿ ಟೇಪನ್ನು ನೆಲಕ್ಕೆ ಒತ್ತದೆ ಮಟ್ಟವಾಗಿ ಹಿಡಿಯಬೇಕು, ಇಲ್ಲದಿದ್ದರೆ ಇಲ್ಲದ ಅಡಿ ಸೇರಿಕೊಳ್ಳುತ್ತೆ.

ಪತ್ರದಲ್ಲಿ ಬರುವ (30+34)/2

ಎಲ್ಲಾ ಓರೆ ಸೈಟೂ ಸಮಾಂತರ ಇರಲ್ಲ. ಮುಂದೆ 30, ಹಿಂದೆ 34, ಎಡಕ್ಕೆ 40, ಬಲಕ್ಕೆ 42, ಹೀಗೆ ನಾಲ್ಕೂ ಬೇರೆ ಇರುವ ಸೈಟಿಗೆ ಬ್ರೋಕರ್‌ಗಳು ಆಡ್ ಸೈಟ್ ಅಂತಾರೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಪೂರ್ವ-ಪಶ್ಚಿಮ (30+34)/2, ಉತ್ತರ-ದಕ್ಷಿಣ (40+42)/2 ಅಂತ ಬರೆದು, 32 × 41 = 1,312 ಚದರಡಿ ಅಂತ ಹಾಕುವುದು ಈ ಭಾಗದಲ್ಲಿ ಸಾಮಾನ್ಯ ರೂಢಿ.

ಈ ಸರಾಸರಿ ಲೆಕ್ಕ ಇವತ್ತಿನದ್ದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲೂ ಇದು ಇದೆ. ಆದರೆ ಅವರು ಇದನ್ನು ವ್ಯವಹಾರಕ್ಕೆ ಹಿಡಿಯುವ ಒರಟು ಲೆಕ್ಕ ಅಂತ ಇಟ್ಟು, ಸೂಕ್ಷ್ಮ ಲೆಕ್ಕವನ್ನು ಬೇರೆಯಾಗಿ ಕೊಟ್ಟಿದ್ದಾರೆ. ವಿಜಯಪುರದವರು ಅಂತ ಹಲವರು ಹೇಳುವ ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಇನ್ನೂ ಖಡಕ್ಕಾಗಿ ಮಾತಾಡಿದ್ದಾರೆ. ಅದೇ ನಾಲ್ಕು ಬದಿಗೆ ಬೇರೆ ಬೇರೆ ವಿಸ್ತೀರ್ಣ ಬರುತ್ತೆ, ಕರ್ಣವನ್ನೋ ಲಂಬವನ್ನೋ ಹೇಳದೆ ವಿಸ್ತೀರ್ಣ ಕೇಳುವವರಿಗೂ ಬುದ್ಧಿ ಇಲ್ಲ, ಉತ್ತರ ಹೇಳುವವರಿಗಂತೂ ಮೊದಲೇ ಇಲ್ಲ ಅನ್ನುವ ಅರ್ಥದಲ್ಲಿ ಬೈದಿದ್ದಾರೆ. ಸೈಟು ಮಾರಾಟದ ಬಗ್ಗೆ ಅವರಿಗೆ ಆಗಲೇ ಗೊತ್ತಿತ್ತೇನೋ!

ಈ ಸರಾಸರಿ ಲೆಕ್ಕದಲ್ಲಿ ಕೊಳ್ಳುವವರು ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಅದು ಯಾವತ್ತೂ ಕಡಿಮೆ ತೋರಿಸಲ್ಲ. ಸೈಟು ಪಕ್ಕಾ ಆಯತ ಆಗಿದ್ದರೆ ಸರಿಯಾದ ಉತ್ತರ ಬರುತ್ತೆ, ಬೇರೆ ಯಾವ ಆಕಾರ ಇದ್ದರೂ ನಿಜಕ್ಕಿಂತ ಜಾಸ್ತಿಯೇ ಬರುತ್ತೆ. ತಪ್ಪಿದರೆ ಪ್ರತಿ ಸಲವೂ ಮಾರುವವರ ಕಡೆಗೇ ತಪ್ಪುತ್ತೆ.

ಮೇಲಿನ ಆಡ್ ಸೈಟನ್ನೇ ತಗೊಳ್ಳಿ. ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ 50 ಅಡಿ ಬಂತು ಅಂದರೆ ಒಂದು ತ್ರಿಕೋನ 30, 42, 50. ಇನ್ನೊಂದು 40, 34, 50. ಹೆರಾನ್ ಸೂತ್ರ ಹಾಕಿದರೆ 629 ಮತ್ತು 677, ಒಟ್ಟು 1,306. ಪತ್ರದ 1,312ಕ್ಕೆ ಹತ್ತಿರವೇ ಇದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದೇ ಬದಿಗಳಿಗೆ ಕರ್ಣ 44 ಅಡಿ ಬಂದರೆ? 603 ಮತ್ತು 648, ಒಟ್ಟು 1,251. ಈಗ 61 ಚದರಡಿ ಕಡಿಮೆ. ಎರಡೂ ಸೈಟಿನ ಷೆಡ್ಯೂಲು ಅಕ್ಷರಶಃ ಒಂದೇ ಥರ ಇರುತ್ತೆ. ಐದನೇ ಅಳತೆ ಇಲ್ಲದೆ ಎರಡಕ್ಕೂ ವ್ಯತ್ಯಾಸ ಕಾಣಲ್ಲ. ತ್ರಿಕೋನದ ಈ ದಾರಿಗೆ ಸೈಟು ಸಮಾಂತರ ಇರಲೇಬೇಕು ಅಂತೇನಿಲ್ಲ, ನಾಲ್ಕು ಮೂಲೆಯ ಯಾವ ಸೈಟಿಗೂ ಆಗುತ್ತೆ. ಮೂಲೆ ಒಳಗೆ ತಿರುಗಿದ್ದರೆ ಅಥವಾ ಐದು ಬದಿ ಇದ್ದರೆ ಮಾತ್ರ ತ್ರಿಕೋನಗಳನ್ನು ಬೇರೆ ಥರ ವಿಂಗಡಿಸಬೇಕು.

ಸರ್ವೆ ಇಲಾಖೆಯವರು ಹೊಲ ಅಳೆಯುವ ಹಳೇ ಪದ್ಧತಿಯೂ ನಾಲ್ಕು ಬದಿಯನ್ನು ನಂಬಿ ಕೂತದ್ದಲ್ಲ. ಹೊಲದ ನಡುವೆ ಉದ್ದಕ್ಕೆ ಒಂದು ಗೆರೆ ಹಿಡಿದು, ಅದರಿಂದ ಪ್ರತಿ ಮೂಲೆಗೆ ಲಂಬವಾಗಿ ಅಳತೆ ತೆಗೆದು ಟಿಪ್ಪಣಿಯಲ್ಲಿ ಬರೆಯುತ್ತಿದ್ದರು. ಹೊಲ ಹಾಗೇ ತ್ರಿಕೋನ, ತ್ರಾಪಿಜ್ಯಗಳಾಗಿ ಒಡೆದು ವಿಸ್ತೀರ್ಣ ಬರುತ್ತಿತ್ತು. ಒಂದು ಗುಂಟೆಗೆ 1,089 ಚದರಡಿ ಅನ್ನೋ ವಿಚಿತ್ರ ಅಂಕಿ ಬಂದದ್ದೂ 33 ಅಡಿಯ ಸರಪಳಿಯಿಂದ, 33 × 33. ಎಕರೆಗೆ ಅಂಥ 40.

ಅಡ್ವಾನ್ಸ್‌ಗೆ ಮುಂಚೆ

ಮಾತುಕತೆಗೆ ಹೋಗುವ ದಿನ ಟೇಪು 100 ಅಡಿಯದ್ದು ಇರಲಿ. 50 ಅಡಿಯ ಟೇಪಿನಲ್ಲಿ ಓರೆ ಸೈಟಿನ ಉದ್ದದ ಕರ್ಣ ಮುಗಿಯಲ್ಲ, ಎರಡು ತುಂಡಾಗಿ ಅಳೆದರೆ ನೇರ ತಪ್ಪುತ್ತೆ. ನಾಲ್ಕು ಬದಿ, ಎರಡು ಕರ್ಣ, ಒಟ್ಟು ಆರು ಅಳತೆ ಒಂದು ಚೀಟಿಯಲ್ಲಿ ಚಿತ್ರ ಬರೆದು ಗುರುತು ಮಾಡಿಕೊಳ್ಳಬೇಕು. ಐದೇ ಸಾಕು, ಆರನೆಯದು ತಾಳೆಗೆ. ಬ್ರೋಕರ್ ಎದುರಿಗೇ ಅಳೆಯೋದರಲ್ಲಿ ಸಂಕೋಚ ಬೇಡ. ಓರೆ ಇದ್ದರೆ ಸೈಟು ಬೇಡ ಅಂತೇನಲ್ಲ, ನಿಜವಾದ ಚದರಡಿಗೆ ರೇಟು ಮಾತಾಡಿದರೆ ಆಯಿತು. ಅಗ್ರಿಮೆಂಟಿನಲ್ಲಿ ಬದಿಗಳ ಜೊತೆ ಕರ್ಣದ ಅಳತೆಯನ್ನೂ ಬರೆಸಿ, ಸೈಟಿನ ನಕ್ಷೆ ಲಗತ್ತಿಸಿದರೆ ಮುಂದೆ ಗಡಿ ತಕರಾರು ಬಂದಾಗ ಆಧಾರ ಇರುತ್ತೆ. ಚಕ್ಕುಬಂದಿ ಮಾತ್ರ ಇದ್ದರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತೆ, ಎಷ್ಟು ವಾಲಿದೆ ಅಂತ ಗೊತ್ತಾಗಲ್ಲ.

ಅಂಗಡಿ ಮಳಿಗೆ ಬಾಡಿಗೆಗೆ ತಗೊಳ್ಳೋರಿಗೂ ಇದೇ ಮಾತು. ಬಾಡಿಗೆ ಚದರಡಿ ಲೆಕ್ಕದಲ್ಲಿ ಇದ್ದು ಮಳಿಗೆ ಓರೆ ಇದ್ದರೆ ಒಳಗಿನ ಎರಡು ಮೂಲೆಗೆ ಟೇಪು ಹಿಡಿಯೋಕೆ ಎರಡು ನಿಮಿಷ ಸಾಕು.

ಸರ್ವೆ ನಂಬರಿನ ಜಮೀನಿನ ಗಡಿ ಅಧಿಕೃತವಾಗಿ ಗುರುತಿಸಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ತಗೊಳ್ಳುತ್ತಾರೆ, ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕರು ಬಂದು ಅಳೆಯುತ್ತಾರೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವಾಗ ಬೇಕಾಗುವ 11ಇ ನಕ್ಷೆಯನ್ನು ಕೇಳಿ ನೋಡಬೇಕು, ಅದರಲ್ಲಿ ತುಂಡಿನ ಆಕಾರ ಕಾಣುತ್ತೆ.

ಖಾತೆಯಲ್ಲಿ ವಿಸ್ತೀರ್ಣ ಚದರ ಮೀಟರಿನಲ್ಲಿ ಇದ್ದರೆ ಅದನ್ನು 10.764ರಿಂದ ಗುಣಿಸಿದರೆ ಚದರಡಿ ಸಿಗುತ್ತೆ. 30×40 ಅಂತ ಹೇಳಿದ ಓರೆ ಸೈಟಿನ ಖಾತೆಯಲ್ಲಿ 111.48 ಚದರ ಮೀಟರ್ ಅಂತ ಇದ್ದರೆ ಬದಿಗಳನ್ನು ಗುಣಿಸಿ ಹಾಕಿದ್ದಾರೆ ಅಂತ ಅರ್ಥ. ಕರ್ಣ 41 ಅಡಿ ಇರುವ ಸೈಟಿಗೆ ಅಲ್ಲಿ ಇರಬೇಕಾದ ಅಂಕಿ 104.8.